ಎರಡೂಕಾಲು ಲಕ್ಷದ ಲೆಕ್ಕ

ಕುರ್ಲಾ ಪಶ್ಚಿಮದ ಸಿಎಸ್‌ಟಿ ರಸ್ತೆಯಲ್ಲಿ ಹಳೆಯ ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳ ಸಾಲೇ ಇದೆ. ಪ್ರೀಮಿಯರ್ ಪದ್ಮಿನಿ ಕಾರು ತಯಾರಾಗುತ್ತಿದ್ದದ್ದೂ ಇದೇ ಕುರ್ಲಾದಲ್ಲಿ. ತಯಾರಿ ನಿಂತ ಮೇಲೂ ಮುಂಬಯಿಯ ಕಾಲಿ-ಪೀಲಿ ಪದ್ಮಿನಿಗಳು 2023ರ ಅಕ್ಟೋಬರ್‌ವರೆಗೆ ಓಡಿದವು. ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಎಂಬ ನಿಯಮ ಅವನ್ನು ನಿಲ್ಲಿಸಿತು. ಬಿಡಿಭಾಗ ಸಿಗುವವರೆಗೆ ಯಂತ್ರಕ್ಕೆ ಸಾವಿಲ್ಲ ಎಂಬುದು ಇಲ್ಲಿ ಓಡಾಡುವವರಿಗೆಲ್ಲ ಗೊತ್ತು.

ಹತ್ತಿರದ ಹೋಟೆಲೊಂದರಲ್ಲಿ ಮೂವತ್ತು ವರ್ಷದಿಂದ ಗಲ್ಲಾದಲ್ಲಿ ಕೂರುವ ಬ್ರಹ್ಮಾವರ ಕಡೆಯವರೊಬ್ಬರಿಗೂ ಗೊತ್ತು. ಊರಿನಲ್ಲಿ ಅವರಿಗೆ ಮೂರು ಎಕರೆ ಬೈಲುಗದ್ದೆ. ಕೋಣ ಕೊಟ್ಟು ವರ್ಷಗಳಾದವು, ಆಳು ಸಿಗುವುದಿಲ್ಲ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉಳುವ ಆಂದೋಲನ ನಡೆದಾಗ ಅಕ್ಕಪಕ್ಕದ ಗದ್ದೆಗಳು ಹಸಿರಾದದ್ದನ್ನು ಅವರು ಮೊಬೈಲಿನಲ್ಲಿ ನೋಡಿದ್ದರು. ಈಗ ಅವರ ಮೊಬೈಲಿನಲ್ಲಿರುವುದು ಸಾಂಗ್ಲಿ ಜಿಲ್ಲೆಯ ತಾಸ್‌ಗಾಂವ್ ಕಡೆಯ ಒಂದು ಮಿನಿ ಟ್ರ್ಯಾಕ್ಟರ್. 18 ಎಚ್‌ಪಿ, ಆರು ವರ್ಷ ಹಳೆಯದು, ಮೀಟರಿನಲ್ಲಿ 1,900 ಗಂಟೆ. ಹೇಳಿದ ಬೆಲೆ 2,75,000 ರೂಪಾಯಿ.

ಅದು ದ್ರಾಕ್ಷಿ ತೋಟದ ಗಾಡಿ. ದ್ರಾಕ್ಷಿ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರ್ ಹೋಗುವುದಿಲ್ಲ, ಹಾಗಾಗಿ ಆ ಸೀಮೆಯಲ್ಲಿ ಮಿನಿ ಟ್ರ್ಯಾಕ್ಟರುಗಳು ಬಹಳ. ಅದಕ್ಕೆ ಕೆಸರು ಗೊತ್ತಿಲ್ಲ. ಚಕ್ರದ ಸೀಲುಗಳೊಳಗೆ ಕೆಸರುನೀರು ಹೊಕ್ಕಿಲ್ಲ, ಟೈರಿನ ಗುಬಟು ಸವೆದಿಲ್ಲ. ಇದು ಒಳ್ಳೆಯದು. ಆದರೆ ಆ 1,900 ಗಂಟೆಯಲ್ಲಿ ಬಹುಪಾಲು ಔಷಧಿ ಹೊಡೆಯುತ್ತಲೇ ಕಳೆದಿರುತ್ತದೆ. ಅಂದರೆ ಗಾಡಿ ನಡೆದದ್ದು ಕಡಿಮೆಯಾದರೂ ಹಿಂದಿನ ಪಿಟಿಒ ಶಾಫ್ಟ್ ಬಿಡುವಿಲ್ಲದೆ ತಿರುಗಿದೆ. ಮೈಲುತುತ್ತು ಬಿದ್ದ ಕಡೆ ಕಬ್ಬಿಣವೂ ವಯರೂ ತಿಂದುಹೋಗುತ್ತವೆ. ಟೈರು ನೋಡಿ ಬೆಲೆ ಕಟ್ಟಿದರೆ ಮೋಸ; ಶಾಫ್ಟಿನ ಹಲ್ಲು ನೋಡಬೇಕು. ಇನ್ನು ಔಷಧಿ ಹೊಡೆಯುವ ಬ್ಲೋವರನ್ನು ಮಾರುವವರು ಬೆಲೆಯಲ್ಲಿ ಸೇರಿಸಿದ್ದಾರೆ. ಭತ್ತದ ಗದ್ದೆಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಒಂದು ರಜೆಯ ದಿನ ಅವರು ತಾಸ್‌ಗಾಂವ್‌ಗೆ ಹೋದರು. ಸ್ಟಾರ್ಟ್ ಮಾಡುವ ಮುನ್ನ ಎಂಜಿನ್ ಮುಟ್ಟಿ ನೋಡಿದರು, ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಕಾಯಿಲೆ ಹೇಳುವುದಿಲ್ಲ. ಹೊಗೆ ನೀಲಿಯಾದರೆ ಆಯಿಲ್ ಸುಡುತ್ತಿದೆ ಎಂದರ್ಥ, ನೀಲಿ ಇರಲಿಲ್ಲ. ಭಾರ ಎತ್ತಿಸಿ ಹತ್ತು ನಿಮಿಷ ಹಾಗೇ ಬಿಟ್ಟರು, ಹೈಡ್ರಾಲಿಕ್ ಇಳಿಯಲಿಲ್ಲ. ಕ್ಲಚ್ ಮಾತ್ರ ಮೇಲೆ ಹಿಡಿಯುತ್ತಿತ್ತು. ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿದ ಪತ್ರ ಕೈಗೆ ಬರುವವರೆಗೆ ಮುಂಗಡವೂ ಇಲ್ಲ ಎಂದು ಬಂದರು.

ಆಮೇಲೆ ಗಲ್ಲಾದ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಶುರುವಾಯಿತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 4,00,000 ಆಗುವ ಹೊಸ ಗಾಡಿ ಮೊದಲು 4,48,000 ಆಗುತ್ತಿತ್ತು, ಈಗ 4,20,000. ಮಾರುವವರು ಹೇಳಿದ 2,75,000 ಹಳೆಯ ದರದ ಶೇ. 61ರಷ್ಟು. ಅದೇ ಪಾಲನ್ನು ಹೊಸ ದರಕ್ಕೆ ಹಾಕಿದರೆ ಸುಮಾರು 2,58,000. ಕ್ಲಚ್, ಸೀಲು, ವಯರಿಂಗಿಗೆ 20,000. ಲಾರಿ ಬಾಡಿಗೆ 15,000. ಮಹಾರಾಷ್ಟ್ರದ ಆರ್‌ಟಿಒದಿಂದ ಎನ್‌ಒಸಿ ತಂದು ಕರ್ನಾಟಕದಲ್ಲಿ ಹೊಸ ನಂಬರ್ ಮಾಡಿಸಲು 10,000 ಎಂದು ಹಿಡಿದರು. ಉಳಿದದ್ದು 2,13,000. ಎಳೆದಾಡಿದರೂ 2,25,000 ದಾಟಬಾರದು ಎಂದು ಗೆರೆ ಎಳೆದರು.

ಆದರೆ ಮಾರುಕಟ್ಟೆಯ ಲೆಕ್ಕ ಬೇರೆ, ಗದ್ದೆಯ ಲೆಕ್ಕ ಬೇರೆ. ಮೂರು ಎಕರೆಗೆ ವರ್ಷಕ್ಕೆ 40 ಗಂಟೆ ಕೆಲಸ. ಬಾಡಿಗೆ ಗಂಟೆಗೆ 800 ಎಂದುಕೊಂಡು, ಡೀಸೆಲ್, ಓಡಿಸುವವನ ಕೂಲಿ, ರಿಪೇರಿಗೆ ಅರ್ಧ ತೆಗೆದರೆ ವರ್ಷಕ್ಕೆ ಉಳಿಯುವುದು 16,000. ಖರ್ಚೆಲ್ಲ ಸೇರಿ 2,70,000 ಬೀಳುವ ಗಾಡಿ ತನ್ನ ದುಡ್ಡು ದುಡಿಯಲು ಸುಮಾರು ಹದಿನೇಳು ವರ್ಷ. ಅದರ ಆರ್‌ಸಿಯಲ್ಲಿ ಉಳಿದಿರುವುದೇ ಒಂಬತ್ತು. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ತಂದರೆ ಅಗ್ಗ. ಆದರೆ ಮುಂಗಾರು ಬಿದ್ದ ವಾರ ಎಲ್ಲರಿಗೂ ಬೇಕಾಗುವುದು ಅದೇ ಯಂತ್ರ. ಗದ್ದೆಯ ಹದ ಸರತಿಯಲ್ಲಿ ಕಾಯುವುದಿಲ್ಲ.

ಅಪ್ಪಯ್ಯನಿಗೆ ಫೋನ್ ಮಾಡಿದಾಗ ಅವರು ಬೆಲೆ ಕೇಳಲೇ ಇಲ್ಲ. "ತಕಂಬುದ್ ಹೌದ್ ಮಗಾ, ಓಡ್ಸುಕೆ ಯಾರ್ ಇದ್ರ್?" ಎಂದರು.

ಊರು ಬಿಟ್ಟವರು ಯಂತ್ರ ಕೊಳ್ಳುವಾಗ ತಪ್ಪುವುದು ಇಲ್ಲಿಯೇ. ಅಲ್ಲಿ ಇರಲಾಗದ ಸಂಕಟವೂ ಬೆಲೆಯೊಳಗೆ ಸೇರಿಬಿಡುತ್ತದೆ. ಹತ್ತು ಸಾವಿರ ಹೆಚ್ಚು ಕೊಟ್ಟರೆ ಏನೋ ತೀರಿಸಿದ ಹಾಗೆ ಅನ್ನಿಸುತ್ತದೆ. ಆ ಗಾಡಿಗಳು ಎರಡು ಮಳೆಗಾಲದ ನಂತರ ಹಟ್ಟಿಯ ಮಾಡಿನಡಿ ತುಕ್ಕು ಹಿಡಿಯುತ್ತವೆ.

ಪಕ್ಕದ ಮನೆಯ ಹುಡುಗನೊಬ್ಬ ಗಾಡಿ ಓಡಿಸಬಲ್ಲ. ಅವರ ಗದ್ದೆ, ಆಚೆ ಮನೆಯವರ ಗದ್ದೆ ಸೇರಿದರೆ ವರ್ಷಕ್ಕೆ 120 ಗಂಟೆ ಕೆಲಸ, 48,000 ಉಳಿತಾಯ. ಆರು ವರ್ಷದೊಳಗೆ ಗಾಡಿ ತನ್ನ ದುಡ್ಡು ದುಡಿಯುತ್ತದೆ. ಯಾರ ಗದ್ದೆ ಮೊದಲು, ಡೀಸೆಲ್ ಯಾರದು, ಟೈರು ಒಡೆದರೆ ಯಾರದು ಎಂಬುದು ಮೂರು ಮನೆಯವರು ಒಟ್ಟಿಗೆ ಕೂತು ತೀರ್ಮಾನಿಸಬೇಕಾದ ಸಂಗತಿ. ಅದು ಫೋನಿನಲ್ಲಿ ಆಗುವುದಿಲ್ಲ.

ಮಾರುವವರು ಈಗ 2,40,000ಕ್ಕೆ ಇಳಿದಿದ್ದಾರೆ. ಉಳಿದ 15,000 ಕೊಟ್ಟು ಮುಗಿಸುವ ಆಸೆ ಅವರಿಗೆ ಎರಡು ಸಲ ಬಂತು. ಕೊಡಲಿಲ್ಲ. ಬದಲಿಗೆ ಮಾಲೀಕರ ಬಳಿ ಹೋಗಿ ಹದಿನೈದು ದಿನ ರಜೆ ಕೇಳಿದರು. ಮದುವೆಯೋ ಬೊಜ್ಜವೋ ಎಂದು ಅವರು ವಿಚಾರಿಸಿದರೆ, ಗದ್ದೆ ಎಂದರು.