ಅಜ್ಜಿ, ವೇಗದ ರ‍್ಯಾಮ್ ತಗೊಳ್ಳಲಾ?

ಒಂಬತ್ತನೇ ತರಗತಿಯ ನನ್ನ ಮೊಮ್ಮಗ ಎರಡು ವರ್ಷದ ಹಬ್ಬ, ಹುಟ್ಟುಹಬ್ಬಗಳ ಕಾಣಿಕೆ ಹಣವನ್ನು ಕೂಡಿಟ್ಟಿದ್ದ. ಅದರಲ್ಲಿ ಮನೆಯ ಕಂಪ್ಯೂಟರಿಗೆ ವೇಗದ ರ‍್ಯಾಮ್ ಹಾಕಿಸಬೇಕೆಂಬುದು ಅವನ ಆಸೆ. ಕಾರ್ ರೇಸ್ ಆಟ ತಡೆತಡೆದು ಓಡುತ್ತದೆ, ತಿರುವು ಬಂದರೆ ಚಿತ್ರ ನಿಂತೇ ಹೋಗುತ್ತದೆ ಎಂಬುದು ಅವನ ದೂರು. "ಅಜ್ಜಿ ಒಪ್ಪಿದರೆ ತಗೋ" ಎಂದು ಅವನ ಅಪ್ಪ ನನ್ನ ಕಡೆ ಕೈ ತೋರಿಸಿಬಿಟ್ಟ. ದುಡ್ಡು ಮಗುವಿನದೇ ನಿಜ. ಆದರೆ ಖರ್ಚಾದರೆ ಮತ್ತೆರಡು ವರ್ಷ ಕಾಯಬೇಕಲ್ಲ! ಅದಕ್ಕೇ ಹೂಂ ಎನ್ನುವ ಮೊದಲು ಅವನಿಂದಲೇ ಪಾಠ ಹೇಳಿಸಿಕೊಂಡೆ.

"ರ‍್ಯಾಮ್ ಅಂದರೆ ಏನೋ ಪುಟ್ಟಾ?"

"ನಿನ್ನ ಅಡುಗೆಕಟ್ಟೆ ಇದ್ದ ಹಾಗೆ ಅಜ್ಜಿ. ಹಾರ್ಡ್ ಡಿಸ್ಕ್ ಅಂದರೆ ಉಗ್ರಾಣ. ಪ್ರೊಸೆಸರ್ ಅಡುಗೆ ಮಾಡೋರು."

ಇಷ್ಟು ಹೇಳಿದ ಮೇಲೆ ನನಗೆ ಉಳಿದದ್ದು ಸುಲಭವಾಯಿತು. ಕಟ್ಟೆಯ ಮೇಲಿರುವ ಸಾಮಾನು ಬೇಗ ಕೈಗೆ ಸಿಗುತ್ತದೆ. ಕಟ್ಟೆ ಚಿಕ್ಕದಾದರೆ ಒಂದೊಂದು ಒಗ್ಗರಣೆಗೂ ಉಗ್ರಾಣಕ್ಕೆ ಓಡಬೇಕು. ಹಾಗಾದರೆ ನೋಡಬೇಕಾದದ್ದು ಮೂರು: ಕಟ್ಟೆ ಎಷ್ಟು ದೊಡ್ಡದು, ಕೇಳಿದ್ದು ಎಷ್ಟು ಬೇಗ ಸಿಗುತ್ತದೆ, ಒಮ್ಮೆಗೆ ಎಷ್ಟು ಸಿಗುತ್ತದೆ.

ಮೊದಲು ಕಟ್ಟೆ. ನಮ್ಮ ಕಂಪ್ಯೂಟರಿನಲ್ಲಿ ಇದ್ದದ್ದು 8 ಜಿಬಿಯ ಒಂದೇ ಪಟ್ಟಿ. ಆಟ ನಡೆಯುತ್ತಿರುವಾಗ ಪುಟ್ಟ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ. ಮೆಮೊರಿ ನೂರಕ್ಕೆ 93 ಭಾಗ ತುಂಬಿತ್ತು. ಹಿಂದೆ ತೆರೆದಿಟ್ಟಿದ್ದ ಬ್ರೌಸರ್ ಮುಚ್ಚಿಸಿದೆ. ತುಸು ಇಳಿಯಿತು, ಆದರೂ ಇಕ್ಕಟ್ಟೇ.

ಎರಡನೆಯದು ವೇಗ. ಅವನು ಇಷ್ಟಪಟ್ಟ ರ‍್ಯಾಮಿನ ಮೇಲೆ 3600 ಎಂದೂ ಸಿಎಲ್ 18 ಎಂದೂ ಬರೆದಿತ್ತು. ಸಿಎಲ್ ಎಂದರೆ ಕೇಳಿದ್ದನ್ನು ಕೊಡುವ ಮೊದಲು ರ‍್ಯಾಮ್ ಕಾಯಿಸುವ ಗಡಿಯಾರದ ಬಡಿತಗಳು. ಸಿಎಲ್ ಅನ್ನು 2000ದಿಂದ ಗುಣಿಸಿ, ವೇಗದ ಅಂಕಿಯಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಪುಟ್ಟ ಲೆಕ್ಕ ಹಾಕಿದ: 3600, ಸಿಎಲ್ 18ಕ್ಕೆ 10 ಬಂತು. ಅಂಗಡಿಯಲ್ಲಿದ್ದ ಇನ್ನೊಂದು ಪಟ್ಟಿ 3200, ಸಿಎಲ್ 16. ಅದಕ್ಕೂ 10! ಅವನಿಗೆ ಆಶ್ಚರ್ಯ. ನಮ್ಮ ಹಳೆಯ ಪಟ್ಟಿ 2666, ಸಿಎಲ್ 19. ಅದಕ್ಕೆ ಸುಮಾರು 14.

"ನೋಡು ಅಜ್ಜಿ, ನಮ್ಮದೇ ನಿಧಾನ" ಎಂದ. ಮಾತು ನಿಜವೇ. ಆದರೆ ಮದರ್‌ಬೋರ್ಡಿನ ಕೈಪಿಡಿ ತೆಗೆದು ಓದಿದಾಗ ಅದು 2666ಕ್ಕಿಂತ ಮೇಲೆ ಹೋಗದು ಎಂದು ಗೊತ್ತಾಯಿತು. 3600ರ ಪಟ್ಟಿ ಹಾಕಿದರೂ ಅದು 2666ರಲ್ಲೇ ನಡೆಯಬೇಕು. ಪುಟ್ಟನ ಮುಖ ಬಾಡಿತು.

ಆಗ ಮೂರನೆಯ ಪ್ರಶ್ನೆ ಕೈ ಹಿಡಿಯಿತು. ಒಂದು ಪಟ್ಟಿ ಒಂದು ಸಲಕ್ಕೆ 8 ಬೈಟ್ ಸಾಗಿಸುತ್ತದೆ. ಸೆಕೆಂಡಿಗೆ 266 ಕೋಟಿಗೂ ಹೆಚ್ಚು ಸಲ, ಅಂದರೆ ಸುಮಾರು 21 ಜಿಬಿ. ಬೋರ್ಡಿನಲ್ಲಿ ಇನ್ನೊಂದು ಗೂಡು ಖಾಲಿಯಿತ್ತು. ಅಲ್ಲಿಗೂ ಅಂಥದೇ ಪಟ್ಟಿ ಹಾಕಿದರೆ ದಾರಿ ಎರಡಾಗುತ್ತದೆ, 21 ಹೋಗಿ 42 ಆಗುತ್ತದೆ. ಕಟ್ಟೆಯೂ 16 ಜಿಬಿ. ನಮ್ಮಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಚಿತ್ರ ಬಿಡಿಸುವ ಭಾಗ ಪ್ರೊಸೆಸರಿನ ಒಳಗೇ ಇದ್ದು, ಅದೂ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ದಾರಿ ಅಗಲವಾದರೆ ಹೆಚ್ಚು ಲಾಭ ಇಂಥ ಕಂಪ್ಯೂಟರಿಗೇ.

8 ಜಿಬಿಯ 2666ರ ಪಟ್ಟಿಯನ್ನೇ ತಂದೆವು. ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ಮೈಯಲ್ಲಿನ ಸ್ಥಿರವಿದ್ಯುತ್ ಹೋಗಲೆಂದು ಪೆಟ್ಟಿಗೆಯ ಲೋಹ ಮುಟ್ಟಿ, ಪುಟ್ಟನೇ ಪಟ್ಟಿ ಕೂರಿಸಿದ. 'ಟಕ್' ಎಂದಾಗ ಅವನಿಗಿಂತ ನನಗೇ ಹೆಚ್ಚು ಸಂತೋಷ. ಸೆಕೆಂಡಿಗೆ 22ರ ಆಸುಪಾಸು ಬರುತ್ತಿದ್ದ ಚಿತ್ರಗಳು 30 ದಾಟಿದವು. ತಿರುವಿನಲ್ಲಿ ಕಾರು ನಿಲ್ಲುವುದೂ ತಪ್ಪಿತು.

ಹಾಗೆಂದು ವೇಗದ ರ‍್ಯಾಮ್ ಎಲ್ಲರಿಗೂ ದಂಡವೆಂದು ಹೇಳಲಾರೆ. ಹೊಸ ಕಂಪ್ಯೂಟರ್ ಜೋಡಿಸುವವರಿಗೆ, ಬೋರ್ಡ್ ಒಪ್ಪುವುದಾದರೆ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲದಾಗ ವೇಗದ ಜೋಡಿ ಪಟ್ಟಿ ಒಳ್ಳೆಯದೇ. ಆದರೆ 60 ಹರ್ಟ್ಸ್ ಪರದೆ ಸೆಕೆಂಡಿಗೆ ತೋರಿಸುವುದು 60 ಚಿತ್ರ ಮಾತ್ರ. ಆಟ ಆಗಲೇ ಆ ಮಟ್ಟದಲ್ಲಿ ಸಲೀಸಾಗಿ ಓಡುತ್ತಿದ್ದರೆ ಹೆಚ್ಚಿನ ವೇಗ ಕಣ್ಣಿಗೆ ಕಾಣುವುದು ಕಷ್ಟ. ಡಿಡಿಆರ್4 ಗೂಡಿಗೆ ಡಿಡಿಆರ್5 ಪಟ್ಟಿ ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಇನ್ನು ಕೆಲವರ ಮನೆಯಲ್ಲಿ ವೇಗದ ರ‍್ಯಾಮ್ ಇದ್ದೂ ನಿಧಾನವಾಗಿ ಓಡುತ್ತಿರುತ್ತದೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆ ಆನ್ ಮಾಡಿರುವುದಿಲ್ಲ, ಅಷ್ಟೇ. ಆ ವೇಗಕ್ಕೆ ಒಂದು ರೂಪಾಯಿಯೂ ಬೇಡ.

ಅಜ್ಜ ಅಜ್ಜಿಯರೇ, ಮಕ್ಕಳು ಇಂಥದ್ದು ಕೇಳಿದರೆ 'ನಮಗೇನು ಗೊತ್ತು' ಎಂದು ಎದ್ದುಹೋಗಬೇಡಿ. ಕಾಗದ, ಪೆನ್ಸಿಲ್ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಲೆಕ್ಕ ಅವರೇ ಮಾಡುತ್ತಾರೆ.