ಇಗತಪುರಿಯ ಮಂಜೂ ಬೆಳಕಿನ ಗುಂಡುಗಳೂ

ಮುಂಬಯಿ ಕನ್ನಡಿಗರಿಗೆ ಇಗತಪುರಿ ಅಪರಿಚಿತ ಊರೇನಲ್ಲ. ನಾಸಿಕದ ಕಡೆಗೆ ಹೊರಟ ಅನೇಕ ರೈಲುಗಳು ಕಸಾರಾದಲ್ಲಿ ನಿಂತು, ಹಿಂದಿನಿಂದ ತಳ್ಳುವ ಎಂಜಿನುಗಳನ್ನು ಜೋಡಿಸಿಕೊಂಡು, 37 ಅಡಿಗೆ ಒಂದಡಿಯಂತೆ ಏರುವ ಥಳ್ ಘಾಟನ್ನು ಹತ್ತುತ್ತವೆ. ಸುರಂಗಗಳು ಮುಗಿದರೆ ಇಗತಪುರಿ. ನಿಲ್ದಾಣದಲ್ಲಿ ಬಿಸಿಬಿಸಿ ವಡಾಪಾವ್, ಊರ ಪಕ್ಕದಲ್ಲಿ 1976ರಲ್ಲಿ ಆರಂಭವಾದ ಧಮ್ಮಗಿರಿ ಧ್ಯಾನಕೇಂದ್ರ. ಮಳೆಗಾಲದಲ್ಲಿ ಕಣಿವೆಯಿಂದ ಮಂಜು ಎದ್ದಿತೆಂದರೆ ಹತ್ತು ಮಾರು ದೂರದ ಮನುಷ್ಯನೂ ಕಾಣಿಸುವುದಿಲ್ಲ.

ಇಂಥಲ್ಲಿ ದೆವ್ವದ ಕಥೆ ಹುಟ್ಟದಿದ್ದರೇ ಆಶ್ಚರ್ಯ. ಕಸಾರಾ ಘಾಟಿನ ರಸ್ತೆಯಲ್ಲಿ ರುಂಡವಿಲ್ಲದ ಮುದುಕಿ ಕಾಣಿಸುತ್ತಾಳೆಂಬ ಮಾತು ಪ್ರಯಾಣಿಕರ ಬಾಯಲ್ಲಿದೆ. ಪುಟ್ಟ ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆ ಇಂಥ ಕಥೆಗಳಿಗೆ ‘ಸಾಕ್ಷಿ’ಯೂ ದೊರೆಯಿತು: ರಾತ್ರಿಯ ಚಿತ್ರಗಳಲ್ಲಿ ತೇಲುವ ಬಿಳಿ ಗುಂಡುಗಳು! ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಂಡಿತಲ್ಲ, ಅದು ಆತ್ಮವೇ ಸರಿ ಎಂಬುದು ವಾದ.

ಹಾಗಾದರೆ ಅವು ಬರಿಯ ಧೂಳೇ? ಬೇಸಿಗೆಯಲ್ಲಿ ಧೂಳು, ಇಗತಪುರಿಯ ಮಳೆಗಾಲದಲ್ಲಿ ಬಹುಪಾಲು ನೀರ ಹನಿ. ಈ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ದೀಪ ಮಸೂರಕ್ಕೆ ಅಂಟಿಕೊಂಡಂತಿರುತ್ತದೆ. ಅದರ ಬೆಳಕು ಗೇಣಳತೆಯಲ್ಲಿರುವ ಹನಿಗೆ ಬಡಿದು ನೇರವಾಗಿ ಮರಳುತ್ತದೆ. ಮಸೂರ ದೂರದ ಮನುಷ್ಯರ ಮೇಲೆ ನಾಟಿರುವುದರಿಂದ ಹತ್ತಿರದ ಹನಿ ಮಸುಕಾಗಿ, ದುಂಡಗೆ ಹಿಗ್ಗಿ ಮೂಡುತ್ತದೆ. ಫ್ಲ್ಯಾಶ್ ಕ್ಷಣಮಾತ್ರ ಮಿಂಚುವುದರಿಂದ ನಮ್ಮ ಕಣ್ಣಿಗೆ ಅದು ಸಿಕ್ಕುವುದಿಲ್ಲ.

ಮಂಜು ಆಟವಾಡುವುದು ಕ್ಯಾಮೆರಾದೊಡನೆ ಮಾತ್ರವಲ್ಲ. ಇಗತಪುರಿಯ ದಕ್ಷಿಣಕ್ಕಿರುವ ಹರಿಶ್ಚಂದ್ರಗಡದ ಕಡಿದಾದ ಅಂಚಿನಲ್ಲಿ, ಬೆನ್ನ ಹಿಂದೆ ಬಿಸಿಲು, ಎದುರಿಗೆ ಮಂಜು ಇದ್ದಾಗ, ಬಣ್ಣದ ಪೂರ್ಣವೃತ್ತವೊಂದು ಮೂಡಿ ಅದರೊಳಗೆ ನಮ್ಮದೇ ನೆರಳು ಕಾಣುತ್ತದೆ. ಮರಾಠಿಯಲ್ಲಿ ಇದು ‘ಇಂದ್ರವಜ್ರ’. ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ದಖನ್ನಿನ ಹವಾಮಾನದ ಕುರಿತು 1835ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ವರ್ಣಿಸಿದ್ದಾನೆ. ಅವನು ಹೆದರಲಿಲ್ಲ, ನೋಡಿದ್ದನ್ನು ಬರೆದಿಟ್ಟ.

ಇದು ಕೇವಲ ವಿನೋದದ ವಿಷಯವಲ್ಲ. ಸಾವು ಸಂಭವಿಸಿದ ಮನೆಯ ಚಿತ್ರದಲ್ಲಿ ಇಂಥ ಗುಂಡು ಮೂಡಿದರೆ, ದುಃಖದಲ್ಲಿರುವವರನ್ನು ಬೆದರಿಸಿ ‘ಶಾಂತಿ’ಯ ಹೆಸರಿನಲ್ಲಿ ಹಣ ಕೀಳುವುದು ಸುಲಭ. ಭೂತಪ್ರೇತಗಳ ಹೆಸರಿನಲ್ಲಿ ಭಯ ಹುಟ್ಟಿಸುವ ಹಲವು ಕೃತ್ಯಗಳನ್ನು ಮಹಾರಾಷ್ಟ್ರದ 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಆದರೂ ಕಾನೂನಿಗಿಂತ ಮೊದಲು ನೆರವಿಗೆ ಬರುವುದು ನಮ್ಮ ತಿಳಿವಳಿಕೆಯೇ.

ದೆವ್ವ ಇದೆಯೋ ಇಲ್ಲವೋ ಎಂಬುದನ್ನು ಈ ಚಿತ್ರಗಳು ತೀರ್ಮಾನಿಸಲಾರವು. ಸಾಕ್ಷಿಯಾಗಿ ಅವು ನಿಲ್ಲುವುದಿಲ್ಲ, ಅಷ್ಟೇ. ಈ ಮಳೆಗಾಲದಲ್ಲಿ ಇಗತಪುರಿಗೆ ಹೋಗುವವರು ಮಕ್ಕಳೊಡನೆ ಪರೀಕ್ಷಿಸಿ ನೋಡಬಹುದು. ತುಂತುರಿನಲ್ಲಿ ಕ್ಯಾಮೆರಾ ಅಲುಗಿಸದೆ ಫ್ಲ್ಯಾಶ್ ಹಾಕಿ ಎರಡು ಚಿತ್ರ ತೆಗೆಯಿರಿ: ಗುಂಡುಗಳ ಜಾಗ ಬದಲಾಗಿರುತ್ತದೆ. ಫ್ಲ್ಯಾಶ್ ಆರಿಸಿ, ದೂರದ ಬದಿಯಿಂದ ಟಾರ್ಚ್ ಹಿಡಿದು ಮತ್ತೊಂದು ತೆಗೆಯಿರಿ: ಆ ಗುಂಡುಗಳು ಬಹುಮಟ್ಟಿಗೆ ಮಾಯ. ಆಮೇಲೆ ನಿಲ್ದಾಣಕ್ಕೆ ಬಂದು ವಡಾಪಾವ್ ತಿನ್ನಿರಿ.