ಹಲ್ಲಿನ ಸಂದು

ಕನ್ನಡದಲ್ಲಿ ಹಲ್ಲನ್ನು ಕುರಿತ ಮಾತುಗಳಿಗೆ ಬರವಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದವರು ಯಾರು? ಕೋಪ ಬಂದವನು ಹಲ್ಲು ಕಡಿಯುತ್ತಾನೆ. ದೈನ್ಯಕ್ಕೆ ಬಿದ್ದವನು ಹಲ್ಲು ಗಿಂಜುತ್ತಾನೆ. ಬಲಗುಂದಿದವನನ್ನು ಹಲ್ಲು ಕಿತ್ತ ಹಾವೆನ್ನುತ್ತೇವೆ. ಚೆಲುವೆಯ ಹಲ್ಲನ್ನು ದಾಳಿಂಬೆಯ ಬೀಜಕ್ಕೂ ಮಲ್ಲಿಗೆಯ ಮೊಗ್ಗಿಗೂ ಹೋಲಿಸಿ ಹೋಲಿಸಿ ಕವಿಗಳು ದಣಿದಿದ್ದಾರೆ. ಇಷ್ಟೆಲ್ಲ ಗೌರವವನ್ನು ಪಡೆದ ಹಲ್ಲನ್ನು ಹಿಡಿದು ನಿಲ್ಲಿಸಿರುವ ಒಸಡಿನ ಬಗ್ಗೆ ಮಾತ್ರ ಒಂದು ಗಾದೆಯನ್ನೂ ನಾನು ಕೇಳಿಲ್ಲ. ಎರಡು ಹಲ್ಲುಗಳ ನಡುವಿನ ಸಂದಿನ ಪಾಡಂತೂ ಹೇಳತೀರದು. ಮಾವಿನಹಣ್ಣಿನ ನಾರೋ ಸೊಪ್ಪಿನ ಎಸಳೋ ಅಲ್ಲಿ ಸಿಕ್ಕಿಕೊಂಡಾಗ ಮಾತ್ರ ಅದು ನೆನಪಿಗೆ ಬರುತ್ತದೆ. ನಾರು ಹೊರಬಂದೊಡನೆ ಮತ್ತೆ ಮರೆವು.

ಈ ಮರೆವಿಗೆ ತೆರಬೇಕಾದ ಬೆಲೆಯೆಷ್ಟೆಂಬುದನ್ನು ನಾನು ಕಂಡದ್ದು ನನ್ನ ಸೋದರಮಾವನಲ್ಲಿ. ಅವರು ಗಮಕಿಗಳು. ನಮ್ಮೂರಿನ ದೇವಸ್ಥಾನದ ಜಗಲಿಯಲ್ಲಿ ಅವರು ಕುಮಾರವ್ಯಾಸ ಭಾರತವನ್ನು ವಾಚನ ಮಾಡುತ್ತಿದ್ದರೆ ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ ಕೊನೆಯ ಸಾಲಿನವರೆಗೆ ಕೇಳಿಸುತ್ತಿತ್ತು. ಕಂಠದಷ್ಟೇ ಅವರ ಹಲ್ಲಿಗೂ ಹೆಸರಿತ್ತು. ಕಬ್ಬಿನ ಜಲ್ಲೆಯನ್ನು ಕತ್ತಿಯ ಹಂಗಿಲ್ಲದೆ ಸಿಗಿಯುತ್ತಿದ್ದರು. ದಿನವೂ ನಸುಕಿನಲ್ಲಿ ಹಿತ್ತಿಲ ಬೇವಿನ ಮರದಿಂದ ಎಳೆಯ ಕಡ್ಡಿಯೊಂದನ್ನು ಮುರಿದು, ತುದಿಯನ್ನು ಜಗಿದು ಕುಂಚ ಮಾಡಿಕೊಂಡು, ಬಾವಿಯ ಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆ ಹಲ್ಲುಜ್ಜುತ್ತಿದ್ದರು. ಹಲ್ಲು ಥಳಥಳನೆ ಹೊಳೆಯುತ್ತಿತ್ತು, ಒಂದಾದರೂ ಹುಳುಕಾಗಿರಲಿಲ್ಲ. ಒಮ್ಮೊಮ್ಮೆ ಕಡ್ಡಿಯ ತುದಿಯಲ್ಲಿ ನೆತ್ತರು ಕಾಣಿಸಿಕೊಳ್ಳುತ್ತಿತ್ತು. “ಮೈಗೆ ಉಷ್ಣವಾಗಿದೆ” ಎಂದು ಅವರು ಒಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದರು. ನೆತ್ತರು ಬಂದ ಕಡೆ ಕಡ್ಡಿ ತಾಗದಂತೆ ಒಂದೆರಡು ವಾರ ನೋಡಿಕೊಳ್ಳುತ್ತಿದ್ದರು.

ಐವತ್ತು ದಾಟುವ ಹೊತ್ತಿಗೆ ಅವರ ಮುಂದಿನ ಹಲ್ಲುಗಳು ಒಂದರಿಂದೊಂದು ದೂರ ಸರಿದವು. ನೋಡಿದವರಿಗೆ ಹಲ್ಲು ಉದ್ದವಾದಂತೆ ತೋರುತ್ತಿತ್ತು. ಆಮೇಲೆ ಅಲ್ಲಾಡತೊಡಗಿದವು. ನಾನು ಅವರನ್ನು ದಂತವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆ.

“ಒಂದು ಹಲ್ಲೂ ಹುಳುಕಾಗಿಲ್ಲ, ಡಾಕ್ಟರೆ. ಮತ್ತೆ ಯಾಕೆ ಅಲ್ಲಾಡುತ್ತದೆ?” ಎಂದು ಮಾವ ಕೇಳಿದರು.

“ಹಲ್ಲು ಚೆನ್ನಾಗಿಯೇ ಇದೆ, ಯಜಮಾನರೆ. ಅದು ನಿಂತಿದ್ದ ನೆಲ ಕರಗಿಹೋಗಿದೆ” ಎಂದರು ವೈದ್ಯರು.

ಮೇಲಿನ ಸಾಲಿನ ನಾಲ್ಕು ಹಲ್ಲುಗಳನ್ನು ತೆಗೆಯಬೇಕಾಯಿತು. ತ, ಥ, ದ, ಧ, ನ ಎಂಬ ವರ್ಣಗಳು ದಂತ್ಯಗಳೆಂದು ನೀವು ವ್ಯಾಕರಣದಲ್ಲಿ ಓದಿದ್ದೀರಿ. ಅದು ಬಾಯಿಪಾಠದ ಮಾತಲ್ಲವೆಂಬುದು ಆ ವರ್ಷ ನನಗೆ ತಿಳಿಯಿತು. ದುರ್ಯೋಧನನ ಹೆಸರನ್ನು ಎತ್ತಿದರೆ ಮಾವನ ಬಾಯಿಂದ ಅಕ್ಷರಕ್ಕಿಂತ ಹೆಚ್ಚಾಗಿ ಗಾಳಿಯೇ ಹೊರಡುತ್ತಿತ್ತು. ಮುಂದೆ ಹಲ್ಲುಸೆಟ್ಟು ಬಂತು. ಊಟಕ್ಕೂ ಮಾತಿಗೂ ಅದು ಒದಗಿತು. ಆದರೆ ಸಕಾರ ಬಂದಲ್ಲೆಲ್ಲ ಸಣ್ಣದೊಂದು ಸಿಳ್ಳು ಸೇರಿಕೊಳ್ಳುತ್ತಿತ್ತು. ಮಾವ ಮತ್ತೆ ಜಗಲಿಯ ಮೇಲೆ ಕುಳಿತು ಓದಲಿಲ್ಲ. ಮನೆಯಲ್ಲಿ, ಬಾಗಿಲು ಹಾಕಿಕೊಂಡು, ತಮಗಾಗಿ ಓದಿಕೊಳ್ಳುತ್ತಿದ್ದರು.

ದಿನವೂ ಅರ್ಧ ಗಂಟೆ ಹಲ್ಲುಜ್ಜಿದವರಿಗೆ ಹೀಗೇಕಾಯಿತು? ನಮ್ಮ ಹಳೆಯ ಊರುಗಳ ಸಾಲುಮನೆಗಳನ್ನು ನೆನೆಸಿಕೊಳ್ಳಿ. ಬೀದಿಯ ಕಡೆಯ ಗೋಡೆಗೆ ಹಬ್ಬಕ್ಕೊಮ್ಮೆ ಸುಣ್ಣ ಬೀಳುತ್ತದೆ. ಹಿತ್ತಿಲ ಗೋಡೆಗೂ ಬೀಳಬಹುದು. ಎರಡು ಮನೆಗಳ ನಡುವಿನ ಗೇಣಗಲದ ಸಂದಿಗೆ ಯಾರ ಕೈಯೂ ಹೋಗದು. ಅಲ್ಲಿ ಪಾಚಿ ಕಟ್ಟುತ್ತದೆ, ಗೋಡೆ ತೇವ ಹೀರುತ್ತದೆ, ಕೊನೆಗೆ ತಳಪಾಯವೇ ಸಡಿಲುತ್ತದೆ. ದವಡೆಹಲ್ಲಿಗೂ ಐದು ಮುಖಗಳಿವೆ. ಕೆನ್ನೆಯ ಕಡೆಯದು, ನಾಲಗೆಯ ಕಡೆಯದು, ಅಗಿಯುವ ಮೇಲ್ಮುಖ — ಈ ಮೂರನ್ನು ಬೇವಿನ ಕಡ್ಡಿಯೋ ಬ್ರಷ್ಷೋ ತಲುಪುತ್ತದೆ. ಅಕ್ಕಪಕ್ಕದ ಹಲ್ಲುಗಳಿಗೆ ತಾಗಿಕೊಂಡ ಎರಡು ಮುಖಗಳು ಹಾಗೆಯೇ ಉಳಿಯುತ್ತವೆ. ಬ್ರಷ್ಷಿನ ಎಳೆ ಎಷ್ಟು ಒಳ್ಳೆಯದಾದರೂ ಆ ಇಕ್ಕಟ್ಟಿನೊಳಕ್ಕೆ ಸರಿಯಾಗಿ ಇಳಿಯಲಾರದು.

ಆ ಇಕ್ಕಟ್ಟಿನಲ್ಲಿ ಏನಿದೆಯೆಂದು ಮೊದಲು ಕಣ್ಣಾರೆ ಕಂಡವನು ಹಾಲೆಂಡಿನ ಡೆಲ್ಫ್ಟ್ ನಗರದ ಒಬ್ಬ ಬಟ್ಟೆ ವ್ಯಾಪಾರಿ. ಆಂಟನಿ ವಾನ್ ಲೇವನ್‌ಹುಕ್ ಎಂಬುದು ಅವನ ಹೆಸರು. ತಾನೇ ಮಸೂರಗಳನ್ನು ಉಜ್ಜಿ ಸೂಕ್ಷ್ಮದರ್ಶಕಗಳನ್ನು ಮಾಡಿಕೊಳ್ಳುವುದು ಅವನ ಹವ್ಯಾಸ. ಹಲ್ಲಿನ ವಿಷಯದಲ್ಲಿ ಅವನು ನಮ್ಮ ಮಾವನಿಗೆ ಸರಿಸಾಟಿ: ದಿನವೂ ಬೆಳಿಗ್ಗೆ ಉಪ್ಪಿನಿಂದ ಉಜ್ಜುತ್ತಿದ್ದನು, ಊಟವಾದ ಮೇಲೆ ಕಡ್ಡಿಯಿಂದ ಕೆದಕುತ್ತಿದ್ದನು, ಬಟ್ಟೆಯಿಂದ ತಿಕ್ಕುತ್ತಿದ್ದನು. ತನ್ನ ವಯಸ್ಸಿನವರಲ್ಲಿ ಇಷ್ಟು ಶುಚಿಯಾದ ಹಲ್ಲು ಅಪರೂಪವೆಂಬ ಹೆಮ್ಮೆಯೂ ಅವನಿಗಿತ್ತು. ಆದರೂ ಕೆಲವು ಹಲ್ಲುಗಳ ನಡುವೆ ಕಲಸಿದ ಹಿಟ್ಟಿನಂತಹ ಬಿಳಿಯ ಪದಾರ್ಥವೊಂದು ಅಂಟಿರುವುದನ್ನು ಕನ್ನಡಿಯಲ್ಲಿ ಗಮನಿಸಿದನು. ಅದನ್ನು ತೆಗೆದು ಮಳೆಯ ನೀರಿನಲ್ಲಿ ಬೆರೆಸಿ ಮಸೂರದಡಿ ಹಿಡಿದನು. ಅದರಲ್ಲಿ ಬಗೆಬಗೆಯ ಪುಟ್ಟ ಜೀವಿಗಳು ಓಡಾಡುತ್ತಿದ್ದವು! 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಅವನು ಈ ಸಂಗತಿಯನ್ನು ಬರೆದು ತಿಳಿಸಿದನು. ಇಂದು ನಾವು ಬ್ಯಾಕ್ಟೀರಿಯಾ ಎನ್ನುವ ಜೀವಿಗಳನ್ನು ಕುರಿತ ಮೊದಮೊದಲ ವರ್ಣನೆಗಳಲ್ಲಿ ಅದೂ ಒಂದು. ಜಗತ್ತಿನ ಒಂದು ದೊಡ್ಡ ಶೋಧಕ್ಕೆ ಹಲ್ಲಿನ ಸಂದು ನೆರವಾಯಿತೆಂಬುದು ಅದರ ಪಾಲಿಗೆ ಬಂದಿರುವ ಏಕೈಕ ಕೀರ್ತಿಯಿರಬೇಕು.

ಆ ಬಿಳಿಯ ಪದಾರ್ಥಕ್ಕೂ ಒಸಡಿನ ಬೇನೆಗೂ ಇರುವ ನಂಟು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಯಲು ಮಾತ್ರ ಇನ್ನೂರೆಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹೆರಾಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಅವನ ಸಂಗಡಿಗರು ಆರೋಗ್ಯವಂತರಾದ 12 ಮಂದಿಯನ್ನು ಒಪ್ಪಿಸಿ, ಹಲ್ಲು ಶುಚಿಮಾಡುವುದನ್ನೇ ನಿಲ್ಲಿಸುವಂತೆ ಹೇಳಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ. ಅವರ ಜೊತೆ ಕುಳಿತು ಮಾತನಾಡಬೇಕಾದ ಗೆಳೆಯರ ಕಷ್ಟವನ್ನು ಆ ವರದಿ ಹೇಳುವುದಿಲ್ಲ! 10ರಿಂದ 21 ದಿನಗಳೊಳಗೆ ಎಲ್ಲರ ಒಸಡುಗಳೂ ಕೆಂಪಾಗಿ ಬಾತುಕೊಂಡವು. ಮತ್ತೆ ಬ್ರಷ್ಷನ್ನೂ ಸಂದು ಶುಚಿಮಾಡುವ ಕಡ್ಡಿಗಳನ್ನೂ ಕೈಗೆ ಕೊಟ್ಟಾಗ ಸುಮಾರು ಒಂದು ವಾರದಲ್ಲಿ ಒಸಡು ಮೊದಲಿನಂತಾಯಿತು. 1965ರಲ್ಲಿ ಪ್ರಕಟವಾದ ಈ ಪ್ರಯೋಗವು ಸರಳವಾದದ್ದು. ಆದರೆ ಕಾರಣವನ್ನೂ ಪರಿಹಾರವನ್ನೂ ಒಟ್ಟಿಗೆ ತೋರಿಸಿಕೊಟ್ಟಿತು.

ಹಾಗಾದರೆ ಮಾವನ ಬೇವಿನ ಕಡ್ಡಿಗೆ ಅಂಟಿದ ನೆತ್ತರು ಉಷ್ಣದ್ದಲ್ಲ. ಸಂದಿನಲ್ಲಿ ಬೀಡುಬಿಟ್ಟ ಜೀವಿಗಳನ್ನು ಎದುರಿಸಲು ದೇಹವು ಒಸಡಿಗೆ ಹೆಚ್ಚು ರಕ್ತವನ್ನು ಕಳುಹಿಸುತ್ತದೆ. ಉಬ್ಬಿದ ಒಸಡು ಸ್ವಲ್ಪ ತಾಗಿದರೂ ಒಸರುತ್ತದೆ. ಅದು ಕೊಳೆಯಿದೆ, ತೆಗೆ ಎಂಬ ಕೂಗು. ನಾವು ನೋವಾದೀತೆಂದು ಆ ಜಾಗವನ್ನೇ ಬಿಟ್ಟು ಉಜ್ಜುತ್ತೇವೆ. ಕೊಳೆ ಇನ್ನಷ್ಟು ಬೆಳೆಯುತ್ತದೆ. ಉಗುಳಿನಲ್ಲಿರುವ ಲವಣಗಳು ಸೇರಿ ಮೆತ್ತನೆಯ ಪೊರೆಯು ಕಲ್ಲಿನಂತಹ ಕಿಟ್ಟವಾದರೆ ಯಾವ ಬ್ರಷ್ಷೂ ಅದನ್ನು ಎಬ್ಬಿಸಲಾರದು. ವೈದ್ಯರ ಉಪಕರಣವೇ ಬೇಕು. ಒಸಡಿನ ಉರಿಯೂತವನ್ನು ಹೀಗೆಯೇ ಬಿಟ್ಟರೆ ಎಷ್ಟೋ ಜನರಲ್ಲಿ ಅದು ಒಳಗಿಳಿದು ಹಲ್ಲನ್ನು ಹಿಡಿದಿರುವ ಎಲುಬನ್ನು ಕರಗಿಸುತ್ತದೆ. ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯದು. ಇದೆಲ್ಲ ನಡೆಯುವಾಗ ನೋವು ಬಹುಮಟ್ಟಿಗೆ ಇರುವುದೇ ಇಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ನೆತ್ತರಿನ ಎಚ್ಚರಿಕೆಯೂ ಅಡಗಿಹೋಗುತ್ತದೆ. ಸಕ್ಕರೆ ಕಾಯಿಲೆಯಿದ್ದವರಲ್ಲಿ ರೋಗ ಇನ್ನೂ ಬಿರುಸು. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ಒಸಡಿನ ತೀವ್ರ ರೋಗವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಅಂದಾಜು ಮಾಡಿತು.

ಇದು ಮುದುಕರ ಸಮಾಚಾರವೆಂದು ನೀವು ನಗಬೇಡಿ. ಪ್ರಾಯಕ್ಕೆ ಕಾಲಿಡುವ ವಯಸ್ಸಿನಲ್ಲಿ ದೇಹದ ರಸಗಳ ಏರುಪೇರಿನಿಂದ ಒಸಡು ಸಣ್ಣ ಕೊಳೆಗೂ ಕೆರಳುತ್ತದೆ. ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗಂತೂ ಕೊಳೆ ನಿಲ್ಲಲು ಸಂದುಗಳು ಇನ್ನೂ ಹೆಚ್ಚು.

ಸಂದನ್ನು ಶುಚಿಮಾಡುವ ಆಸೆ ನಮ್ಮವರಿಗೆ ಇಲ್ಲವೆಂದಲ್ಲ. ಮದುವೆಮನೆಯ ಊಟವಾದ ಮೇಲೆ ಪಡಸಾಲೆಯಲ್ಲಿ ಒಮ್ಮೆ ಕಣ್ಣಾಡಿಸಿ. ಒಬ್ಬರು ಕಡ್ಡಿಪೊರಕೆಯಿಂದ ಕಡ್ಡಿ ಮುರಿಯುತ್ತಾರೆ. ಇನ್ನೊಬ್ಬರ ಕೈಯಲ್ಲಿ ಬೆಂಕಿಕಡ್ಡಿ. ಹೆಂಗಸರು ಬಳೆಗೆ ಸಿಕ್ಕಿಸಿದ ಪಿನ್ನನ್ನು ಬಿಚ್ಚಿಕೊಳ್ಳುತ್ತಾರೆ. ನಾರು ಹೊರಬರುತ್ತದೆ ನಿಜ. ಆದರೆ ಚೂಪಾದ ತುದಿ ಒಸಡನ್ನು ಚುಚ್ಚುತ್ತದೆ, ಹಲ್ಲಿಗೆ ಅಂಟಿದ ಪೊರೆ ಮಾತ್ರ ಅಲ್ಲಿಯೇ ಇರುತ್ತದೆ. ತೆಗೆಯಬೇಕಾದದ್ದು ಅನ್ನದ ಅಗುಳನ್ನಷ್ಟೇ ಅಲ್ಲ, ಕಣ್ಣಿಗೆ ಕಾಣದ ಆ ಪೊರೆಯನ್ನು. ಅದು ಚುಚ್ಚಿದರೆ ಹೋಗದು, ಒರೆಸಿದರೆ ಹೋಗುತ್ತದೆ.

ಒರೆಸಲು ದಾರವೇ ತಕ್ಕ ಸಾಧನವೆಂದು ಅಮೆರಿಕದ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ 1819ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರೆದನು. ಅವನು ಹೇಳಿದ್ದು ಮೇಣ ಹಚ್ಚಿದ ರೇಷ್ಮೆಯ ದಾರವನ್ನು. ಈಗ ಅಂಗಡಿಗಳಲ್ಲಿ ಫ್ಲಾಸ್ ಎಂಬ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ನೈಲಾನಿನದು. ಒಂದೂವರೆ ಅಡಿಯಷ್ಟು ದಾರವನ್ನು ತೆಗೆದುಕೊಂಡು ಎರಡು ಕೈಗಳ ನಡುಬೆರಳಿಗೆ ಸುತ್ತಿ, ನಡುವೆ ಒಂದು ಅಂಗುಲವನ್ನು ಬಿಗಿಯಾಗಿ ಹಿಡಿಯಬೇಕು. ಸಂದಿನೊಳಕ್ಕೆ ಅದನ್ನು ಹಿಂದೆಮುಂದೆ ಆಡಿಸುತ್ತ ಮೆಲ್ಲಗೆ ಇಳಿಸಬೇಕು. ರಭಸದಿಂದ ಒತ್ತಿದರೆ ಒಸಡು ಕತ್ತರಿಸೀತು. ಇಳಿದ ಮೇಲೆ ಹಲ್ಲನ್ನು ಅರ್ಧಚಂದ್ರಾಕಾರವಾಗಿ ಬಳಸಿ, ಒಸಡಿನ ಅಂಚಿನ ಸ್ವಲ್ಪ ಒಳಗಿನಿಂದ ಮೇಲಕ್ಕೂ ಕೆಳಕ್ಕೂ ಒರೆಸಬೇಕು. ಆಮೇಲೆ ಎದುರಿನ ಹಲ್ಲಿಗೂ ಹಾಗೆಯೇ. ಮುಂದಿನ ಸಂದಿಗೆ ದಾರದ ಹೊಸ ಭಾಗ. ಸಂದು ಅಗಲವಾಗಿದ್ದರೆ ದಾರಕ್ಕಿಂತ ಆ ಅಳತೆಗೆ ಒಪ್ಪುವ ಪುಟ್ಟ ಕುಂಚವೇ ಮೇಲು. ದಿನಕ್ಕೊಮ್ಮೆ, ರಾತ್ರಿ ಮಲಗುವ ಮುನ್ನ ಮಾಡಿದರೆ ಸಾಕು; ಎರಡು ಹೊತ್ತು ಬ್ರಷ್ಷಿನಿಂದ ಉಜ್ಜುವುದನ್ನು ಬಿಡುವಂತಿಲ್ಲ.

ದಾರವು ಸರ್ವರೋಗ ಪರಿಹಾರಕವೆಂದು ನಾನು ಹೇಳಲಾರೆ. ಲಭ್ಯವಿರುವ ಪ್ರಯೋಗಗಳನ್ನು 2019ರಲ್ಲಿ ಒಟ್ಟಿಗೆ ಪರಿಶೀಲಿಸಿದ ಕೊಕ್ರೇನ್ ಸಂಸ್ಥೆಯ ತಜ್ಞರು, ಬ್ರಷ್ಷಿನ ಜೊತೆಗೆ ಸಂದನ್ನೂ ಶುಚಿಮಾಡಿದರೆ ಒಸಡಿನ ಉರಿಯೂತ ಕಡಿಮೆಯಾಗಬಹುದು, ಪುಟ್ಟ ಕುಂಚವು ದಾರಕ್ಕಿಂತ ಹೆಚ್ಚು ಫಲಕಾರಿಯಾಗಿರಬಹುದು ಎಂದಷ್ಟೇ ಹೇಳಿದ್ದಾರೆ. ಪುರಾವೆ ಇನ್ನೂ ದುರ್ಬಲವೆಂಬುದನ್ನೂ ಮರೆಮಾಚಿಲ್ಲ. ದಾರವನ್ನು ಹೇಗೆ ಹಿಡಿಯುತ್ತೇವೆಂಬುದರ ಮೇಲೆ ಬಹಳಷ್ಟು ನಿಂತಿದೆ. ಮಾವನ ಎಲುಬು ಉಳಿಯುತ್ತಿತ್ತೋ ಇಲ್ಲವೋ ಎಂಬುದನ್ನು ನಾನು ಬಲ್ಲವನಲ್ಲ. ನೆತ್ತರು ಕಂಡ ಮೊದಲ ವರ್ಷವೇ ಮಜ್ಜಿಗೆಯ ಬದಲು ವೈದ್ಯರ ಬಳಿಗೆ ಹೋಗಿದ್ದರೆ ಅವರ ದಕಾರ ತಕಾರಗಳು ಇನ್ನಷ್ಟು ವರ್ಷ ಜಗಲಿಯ ಮೇಲೆ ಮೊಳಗುತ್ತಿದ್ದವೆಂದು ಮಾತ್ರ ನಂಬಿದ್ದೇನೆ.

ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿ ಈಗ ದಾರದ ಡಬ್ಬಿಯೊಂದಿದೆ. ಶುರುಮಾಡಿದ ವಾರ ಮನೆಯವರೆಲ್ಲರ ದಾರವೂ ಕೆಂಪಾಯಿತು. ನನ್ನ ಮೊಮ್ಮಗಳು ಹೆದರಿದಳು. “ಬಿಡಬೇಡ ಮಗು, ಮೆಲ್ಲಗೆ ಮಾಡು, ಎರಡು ವಾರವಾದರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸೋಣ” ಎಂದೆ. ಹತ್ತನೆಯ ದಿನಕ್ಕೆ ಅವಳ ದಾರ ಬೆಳ್ಳಗೆ ಬಂತು. ನನ್ನ ಕೆಳಸಾಲಿನ ಎಡಗಡೆಯ ಕೊನೆಯ ಎರಡು ದವಡೆಹಲ್ಲುಗಳ ನಡುವೆ ಮಾತ್ರ ಅದು ಈಗಲೂ ಸಲೀಸಾಗಿ ಇಳಿಯದು. ಅಲ್ಲಿಗೆ ಬಂದಾಗ ಮೊಮ್ಮಗಳು ದೀಪವನ್ನು ಹತ್ತಿರ ಹಿಡಿಯುತ್ತಾಳೆ.